ಮಗ ಚರ್ಚಿಗೆ ಬರೋದಿಲ್ಲ ಅಂತಾನೆ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾವು ಗುಳೇದಗುಡ್ಡದವರು, ಮುತ್ತಜ್ಜನ ಕಾಲದಿಂದಲೂ ಕ್ರೈಸ್ತರು. ಮಗನಿಗೆ 17 ವರ್ಷ. ಬೆಳಗಾವಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದುತ್ತಿದ್ದಾನೆ. ಸಣ್ಣವನಿದ್ದಾಗ ಒಂದು ವಾರವೂ ಸಂಡೇ ಸ್ಕೂಲ್ ತಪ್ಪಿಸುತ್ತಿರಲಿಲ್ಲ, ವಾಕ್ಯ ಬಾಯಿಪಾಠ ಹೇಳಿ ಬಹುಮಾನ ತರುತ್ತಿದ್ದ. ಹೋದ ವರ್ಷ ನಮ್ಮ ಅತ್ತೆ ಹಾಸಿಗೆ ಹಿಡಿದಾಗ ದಿನಾ ಮೊಣಕಾಲೂರಿ ಪ್ರಾರ್ಥನೆ ಮಾಡಿದ. ಅವರು ಉಳಿಯಲಿಲ್ಲ. ಮಣ್ಣಿಗೆ ಬಂದಿದ್ದ ಹಿರಿಯರೊಬ್ಬರು "ನಂಬಿಕಿ ಗಟ್ಟಿ ಇದ್ದಿದ್ರ ದೇವ್ರು ಕೇಳ್ತಿದ್ದ" ಅಂದರು. ಅವತ್ತಿನಿಂದ "ನಾ ಚರ್ಚಿಗೆ ಬರಂಗಿಲ್ಲ ಬೇ ಅವ್ವಾ" ಅಂತಾನೆ. ಕ್ರಿಸ್‌ಮಸ್‌ಗೂ ಬರಲಿಲ್ಲ. ಇವರು ಗದರಿಸಿಯಾದರೂ ಕರೆದುಕೊಂಡು ಹೋಗೋಣ ಅಂತಾರೆ. ನಾನು ಎಲ್ಲಿ ತಪ್ಪಿದೆ?
ಒಬ್ಬ ತಾಯಿ, ಗುಳೇದಗುಡ್ಡ

ಉತ್ತರ: ತಂಗೀ, ನೀವು ತಪ್ಪಿಲ್ಲ. ತಪ್ಪಿದ್ದು ಆ ಹಿರಿಯರ ನಾಲಿಗೆ. ಶಿಲುಬೆಗೆ ಏರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿಯೇ ಈ ಪಾತ್ರೆ, ಅಂದರೆ ಈ ಸಂಕಟ, ನನ್ನನ್ನು ಬಿಟ್ಟುಹೋಗಲಿ ಅಂತ ಮೂರು ಸಲ ಬೇಡಿಕೊಂಡರು. ಬಿಟ್ಟುಹೋಗಲಿಲ್ಲ. ಅವರ ನಂಬಿಕೆ ಸಾಲದಾಯಿತು ಅಂತ ಯಾರಾದರೂ ಹೇಳ್ತಾರಾ? ಇದನ್ನು ಮಗನಿಗೆ ಮೊದಲು ಹೇಳಿ, ಬೇರೆ ಎಲ್ಲ ಆಮೇಲೆ. ಅಜ್ಜಿ ಸತ್ತದ್ದು ತನ್ನಿಂದ ಅನ್ನೋ ಭಾರ ಹೊತ್ತುಕೊಂಡು ಹುಡುಗ ಒಬ್ಬನೇ ಹಾಸ್ಟೆಲ್‌ನಲ್ಲಿ ಕೂತಿರಬಹುದು, ಅಲ್ವಾ.

ಅಮೆರಿಕದಲ್ಲಿ ಜೇಮ್ಸ್ ಫೌಲರ್ ಅಂತ ಒಬ್ಬರಿದ್ದರು, ಮೆಥೊಡಿಸ್ಟ್ ಸಭೆಯವರು. ಸಣ್ಣ ಮಕ್ಕಳಿಂದ ಹಿಡಿದು ಮುದುಕರ ತನಕ ನೂರಾರು ಜನರನ್ನು ಮಾತಾಡಿಸಿ, ವಯಸ್ಸಿನ ಜೊತೆ ನಂಬಿಕೆ ಹೇಗೆ ಬದಲಾಗುತ್ತದೆ ಅಂತ 1981ರಲ್ಲಿ ಬರೆದರು. ಏಳೆಂಟು ವರ್ಷದ ಮಗುವಿನ ಲೆಕ್ಕ ಸರಳ: ನಾನು ಒಳ್ಳೆಯವನಾಗಿದ್ದರೆ ದೇವರು ಕೊಡ್ತಾನೆ. ಹರೆಯದಲ್ಲಿ ಸುತ್ತಲಿನವರು ನಂಬಿದ್ದೇ ತನ್ನದೂ. ಆಮೇಲೆ ಹಲವರಿಗೆ, ಇದನ್ನು ನಾನ್ಯಾಕೆ ನಂಬಬೇಕು ಅನ್ನೋ ಪ್ರಶ್ನೆ ಏಳುತ್ತದೆ. ನಡುವಯಸ್ಸು ದಾಟಿದ ಕೆಲವರು, ಉತ್ತರ ಸಿಗದ ಪ್ರಶ್ನೆಯನ್ನು ಮಡಿಲಲ್ಲಿ ಇಟ್ಟುಕೊಂಡೇ ನಂಬೋದನ್ನು ಕಲಿಯುತ್ತಾರೆ. ಅವರು ಇವನ್ನು ಹಂತಗಳು ಅಂದರು. ನನಗೆ ಆ ಮಾತು ಅಷ್ಟು ಹಿಡಿಸೋದಿಲ್ಲ, ಮೇಲಿನವರು ಜಾಸ್ತಿ, ಕೆಳಗಿನವರು ಕಡಿಮೆ ಅಂತ ಆಗಿಬಿಡುತ್ತೆ. ಆದರೆ ನಿಮ್ಮ ಮನೆಯಲ್ಲಿ ಆದದ್ದು ಇದರಿಂದ ಅರ್ಥವಾಗುತ್ತದೆ. ಮುರಿದದ್ದು ಚಿಕ್ಕಂದಿನ ಆ ಲೆಕ್ಕ. ದೇವರ ಮೇಲೆ ಇಷ್ಟು ಸಿಟ್ಟು ಇರುವವನಿಗೆ ದೇವರು ಇಲ್ಲ ಅಂತ ಇನ್ನೂ ಅನ್ನಿಸಿಲ್ಲ.

ಇನ್ನೊಂದು ಮಾತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್ ನಿಮ್ಮೂರಿಗೆ ಬಂದದ್ದು 1851ರಲ್ಲಿ. ನಿಮ್ಮ ಮನೆತನದಲ್ಲಿ ಮೊದಲು ದೀಕ್ಷಾಸ್ನಾನ ಮಾಡಿಸಿಕೊಂಡವರು ಯಾರೋ ಒಬ್ಬರಿದ್ದರಲ್ಲ, ಅವರಿಗೆ ಈ ನಂಬಿಕೆ ತೊಟ್ಟಿಲಲ್ಲಿ ಸಿಗಲಿಲ್ಲ. ಹಿರಿಯರನ್ನು ಎದುರು ಹಾಕಿಕೊಂಡು, ನಿದ್ದೆಗೆಟ್ಟು, ಹೌದೋ ಅಲ್ಲವೋ ಅಂತ ತೂಗಿ ನೋಡಿಯೇ ಹೌದು ಅಂದಿರಬೇಕು. ನಿಮ್ಮ ಮಗ ಈಗ ನಿಂತಿರೋದು ಅದೇ ಜಾಗದಲ್ಲಿ. ನಮ್ಮ ಸಭೆಗೂ ಇದು ಗೊತ್ತು. ಕೂಸಿಗೆ ದೀಕ್ಷಾಸ್ನಾನ ಕೊಡುವಾಗ ತಂದೆತಾಯಿ ಅದರ ಪರವಾಗಿ ಮಾತು ಕೊಡುತ್ತಾರೆ, ದೊಡ್ಡದಾದ ಮೇಲೆ ದೃಢೀಕರಣದಲ್ಲಿ ಅದೇ ಮಾತನ್ನು ತನ್ನ ಬಾಯಿಂದ ಹೇಳಬೇಕು. ಹೊಸ ಬಟ್ಟೆ ಹಾಕಿಕೊಂಡು ಗೆಳೆಯರ ಸಾಲಿನಲ್ಲಿ ನಿಂತು ಹೇಳಿದ ಆ ಹೌದು, ಒಳಗಿನಿಂದ ಬರೋಕೆ ಕೆಲವರಿಗೆ ಮೂವತ್ತು ವರ್ಷ ಆಗಬಹುದು.

ನನಗೂ 20ರ ಹೊತ್ತಿಗೆ ಹೀಗೇ ಆಗಿತ್ತು. ನಮ್ಮಪ್ಪ ಒಮ್ಮೆಯೂ ಗದರಲಿಲ್ಲ. ಭಾನುವಾರ ಚರ್ಚಿನಿಂದ ಬಂದು, ಅವತ್ತಿನ ಬೋಧನೆಯಲ್ಲಿ ತನಗೆ ತಿಳಿಯದೇ ಹೋದದ್ದನ್ನು ನನ್ನ ಹತ್ತಿರ ಕೇಳುತ್ತಿದ್ದರು. ನಾಲ್ಕು ವರ್ಷ ಹಾಗೇ ನಡೆಯಿತು. ಅಪ್ಪನಿಗೂ ತಿಳಿಯದ್ದು ಇದೆ ಅಂತ ಗೊತ್ತಾದದ್ದೇ ನನಗೆ ದೊಡ್ಡ ಸಮಾಧಾನ.

ಆದ್ದರಿಂದ ಯಜಮಾನರಿಗೆ ಹೇಳಿ, ಎಳೆದುಕೊಂಡು ಹೋಗೋದು ಬೇಡ. ರಜೆಗೆ ಬಂದಾಗ ಅಜ್ಜಿಯ ಸಮಾಧಿಗೆ ಕರೆದುಕೊಂಡು ಹೋಗಿ, ಅವನು ಅಳಲಿ, ಬೈಯಲಿ. 13ನೇ ಕೀರ್ತನೆ ತೋರಿಸಿ, ಆರೇ ವಚನ. ಎಲ್ಲಿಯ ತನಕ ನನ್ನನ್ನು ಮರೆತಿರ್ತೀ ಅಂತ ದೇವರನ್ನೇ ಕೇಳುವ ಹಾಡು ಅದು. ಬೈಬಲಿನ ಒಳಗೇ ಇದೆ ಅಂತ ಅವನಿಗೆ ಗೊತ್ತಾಗಲಿ.

ಪ್ರಶ್ನೆ: ನನಗೆ 76. ಕಣ್ಣು ಮಂಜು, ಬೈಬಲ್ ಓದಲಿಕ್ಕೆ ಆಗುವುದಿಲ್ಲ. ಪ್ರಾರ್ಥನೆಗೆ ಕೂತರೆ ಅರ್ಧಕ್ಕೇ ಮರೆಯುತ್ತೆ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಒಂದೇ ಪೂರ್ತಿ ಬರುತ್ತೆ. ಮೊದಲಿನ ಹುರುಪಿಲ್ಲ. ನನ್ನ ನಂಬಿಕೆ ಕುಂದಿತೇನು?
ಒಬ್ಬ ಅಜ್ಜಿ, ವಿಜಯಪುರ

ಉತ್ತರ: ಆಯೀ, ನಮಗೆ ಪ್ರಾರ್ಥನೆ ಕಲಿಸು ಅಂತ ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಕೊಟ್ಟದ್ದೇ ಅದೊಂದು. ನಿಮ್ಮ ಹತ್ತಿರ ಅದು ಪೂರ್ತಿ ಇದೆಯಲ್ಲ. ಐದಾರು ವರ್ಷದವರಿದ್ದಾಗ ಯಾರದೋ ತೊಡೆಯ ಮೇಲೆ ಕೂತು ಕಲಿತದ್ದು ಇರಬೇಕು, ಕೊನೆಯ ತನಕ ಜೊತೆಗೆ ಬರೋದು ಅಂಥದ್ದೇ. ಹುರುಪು ಮೈಯದು, ವಯಸ್ಸಾದಂತೆ ಇಳಿಯುತ್ತೆ. ಅದಕ್ಕೂ ನಂಬಿಕೆಗೂ ಸಂಬಂಧ ಹಚ್ಚಬೇಡಿ. ನಡುವೆ ಮರೆತರೆ ಅಲ್ಲಿಗೇ ಬಿಡಿ, ಸುಮ್ನೆ ಕೂತಿರಿ, ಅದೂ ಪ್ರಾರ್ಥನೆಯೇ. ಮುಪ್ಪಿನಲ್ಲಿ ನನ್ನನ್ನು ಕೈಬಿಡಬೇಡ ಅಂತ ಬೇಡುವ 71ನೇ ಕೀರ್ತನೆಯನ್ನು ಮೊಮ್ಮಕ್ಕಳ ಹತ್ತಿರ ಓದಿಸಿ ಕೇಳಿ. ಮತ್ತೆ, ಕಣ್ಣನ್ನು ಡಾಕ್ಟರಿಗೆ ತೋರಿಸಿದ್ದೀರಾ? ಪೊರೆ ಬಂದಿದ್ದರೆ ತೆಗೆಯುತ್ತಾರೆ, ನೀವೇ ಓದಬಹುದು.