ತಾರೀಕು ತಪ್ಪಿದರೆ ವಿದ್ಯೆಯೇ ಸುಳ್ಳಾಗುವುದೇ?

ಓದುಗರ ಪತ್ರ: ನಾರ್ವೆಯ ಶಾಂತಿ ಅಧ್ಯಯನ ವಿದ್ವಾಂಸ ಜೋಹಾನ್ ಗಾಲ್ಟುಂಗ್ ಅವರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. ಸೋವಿಯತ್ ಒಕ್ಕೂಟ ಕುಸಿಯುವುದೆಂದು ಅವರು ಹೇಳಿದ್ದು ನಿಜವಾಯಿತು. ಅಮೆರಿಕದ ಸಾಮ್ರಾಜ್ಯ 2020ಕ್ಕೆ ಮುಗಿಯುವುದೆಂದು ಹೇಳಿದ್ದು ನಿಜವಾಗಲಿಲ್ಲ. ಎರಡಕ್ಕೆ ಒಂದು ಸರಿಬರುವ ಭವಿಷ್ಯವನ್ನು ನಮ್ಮೂರ ಜ್ಯೋತಿಷಿಗಳೂ ಹೇಳುತ್ತಾರೆ. ಇದಕ್ಕೆ ಪುಟ ಕೊಡುವ ಬದಲು ಕರಾವಳಿಯ ಸಮಸ್ಯೆಗಳನ್ನು ಬರೆಯಬಾರದೇ?
– ನಿವೃತ್ತ ಸಂಖ್ಯಾಶಾಸ್ತ್ರ ಉಪನ್ಯಾಸಕರು, ಉಡುಪಿ

ಸಂಪಾದಕರ ಉತ್ತರ:

ಮಾನ್ಯರೇ,

ಈ ಸಲ ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿದ್ದು ತಮ್ಮದು. ಸಂಖ್ಯಾಶಾಸ್ತ್ರ ಕಲಿಸಿದವರು ಲೆಕ್ಕ ಕೇಳುವುದು ನ್ಯಾಯವೇ. ತಮ್ಮ ಸಂಶಯಕ್ಕೆ ಆಧಾರವೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಫಿಲಿಪ್ ಟೆಟ್ಲಾಕ್ 284 ಮಂದಿ ರಾಜಕೀಯ ತಜ್ಞರ ಮುನ್ನೋಟಗಳನ್ನು ವರ್ಷಗಟ್ಟಲೆ ಕೂಡಿಟ್ಟು, ಮುಂದೆ ನಡೆದದ್ದರ ಜೊತೆ ತಾಳೆ ನೋಡಿ 2005ರಲ್ಲಿ ಪ್ರಕಟಿಸಿದರು. ತಜ್ಞರ ಸರಾಸರಿ ಸಾಧನೆ ಕಣ್ಣುಮುಚ್ಚಿ ಊಹಿಸಿದ್ದಕ್ಕಿಂತ ಹೆಚ್ಚೇನೂ ಮೇಲಿರಲಿಲ್ಲ. ನಮ್ಮ ದೇಶದ ಬಗ್ಗೆ ಹೊರಗಿನವರು ನುಡಿದ ಭವಿಷ್ಯಗಳೂ ಹಾಗೆಯೇ. 1967ರ ಸಾರ್ವತ್ರಿಕ ಚುನಾವಣೆ ಭಾರತದ ಕೊನೆಯ ಚುನಾವಣೆಯಾಗಬಹುದೆಂದು ಲಂಡನ್ನಿನ ಟೈಮ್ಸ್ ಪತ್ರಿಕೆಯ ನೆವಿಲ್ ಮ್ಯಾಕ್ಸ್‌ವೆಲ್ ಬರೆದಿದ್ದರು. ನಾವು ಆಮೇಲೆ ಎಷ್ಟು ಸಲ ಬೆರಳಿಗೆ ಶಾಯಿ ಹಚ್ಚಿಸಿಕೊಂಡೆವೆಂಬುದು ತಮಗೇ ಗೊತ್ತು.

ಇಷ್ಟನ್ನು ಒಪ್ಪಿದ ಮೇಲೂ, ಗಾಲ್ಟುಂಗ್ ಅವರನ್ನು ಜ್ಯೋತಿಷಿಗಳ ಸಾಲಿನಲ್ಲಿ ಕೂರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ತಾವು ಅವರು ಹೇಳಿದ ತಾರೀಕನ್ನು ನೋಡಿದಿರಿ, ಅದಕ್ಕೆ ಅವರು ಕೊಟ್ಟ ಕಾರಣಗಳನ್ನು ನೋಡಲಿಲ್ಲ. ಸೈನ್ಯಸೇವೆಗೆ ಒಲ್ಲೆನೆಂದು ಜೈಲು ಸೇರಿದ, ತತ್ವಶಾಸ್ತ್ರಜ್ಞ ಅರ್ನೆ ನೆಸ್ ಅವರ ಜೊತೆಗೂಡಿ 1955ರಲ್ಲೇ ಗಾಂಧೀಜಿಯ ರಾಜಕೀಯ ನೀತಿಯ ಬಗ್ಗೆ ಪುಸ್ತಕ ತಂದ, 1959ರಲ್ಲಿ ಓಸ್ಲೋದ ಶಾಂತಿ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ ಮನುಷ್ಯ ಅವರು. ಸೋವಿಯತ್ ಸಾಮ್ರಾಜ್ಯ ಹತ್ತು ವರ್ಷಗಳೊಳಗೆ ಕುಸಿಯುವುದೆಂದು 1980ರಲ್ಲಿ ಹೇಳಿದಾಗ ಅವರು ಆ ಸಮಾಜದ ಒಳಗೆ ಒಂದಕ್ಕೊಂದು ಹೊಂದದೆ ಬಿಗಿಯುತ್ತಿದ್ದ ಎಳೆಗಳನ್ನು ಎಣಿಸಿ ತೋರಿಸಿದರು. ಮಾಸ್ಕೋಗೂ ಅದರ ಅಧೀನ ದೇಶಗಳಿಗೂ, ರಷ್ಯನ್ನರಿಗೂ ಉಳಿದ ಜನಾಂಗಗಳಿಗೂ, ಪೇಟೆಗೂ ಹಳ್ಳಿಗೂ, ಜನರ ಕೈಯಲ್ಲಿದ್ದ ಹಣಕ್ಕೂ ಅಂಗಡಿಯಲ್ಲಿಲ್ಲದ ಸಾಮಾನಿಗೂ, ಸರ್ಕಾರ ಹೇಳುತ್ತಿದ್ದ ಕಥೆಗೂ ಜನ ಬಾಳುತ್ತಿದ್ದ ಬದುಕಿಗೂ ಇದ್ದ ಬಿರುಕುಗಳು ಒಂದನ್ನೊಂದು ಬೆಳೆಸುತ್ತಿವೆ, ಮೊದಲು ಬೀಳುವುದು ಬರ್ಲಿನ್ ಗೋಡೆ ಎಂದರು. 1989ರ ನವೆಂಬರಿನಲ್ಲಿ ಗೋಡೆ ಬಿತ್ತು, 1991ರ ಡಿಸೆಂಬರಿನಲ್ಲಿ ಒಕ್ಕೂಟವೇ ಮುಗಿಯಿತು. ಅಮೆರಿಕದ ವಿಷಯದಲ್ಲೂ ಅವರು ಹೇಳಿದ್ದು ಗಣರಾಜ್ಯ ಅಳಿಯುವುದೆಂದಲ್ಲ, ಲೋಕದ ಮೇಲಿನ ಅದರ ಹಿಡಿತ ಸಡಿಲುವುದೆಂದು. ತಾರೀಕು ತಪ್ಪಿತು. ಅವರು ಪಟ್ಟಿಮಾಡಿದ ಬಿರುಕುಗಳು ಮಾತ್ರ ಇವತ್ತಿನ ಪತ್ರಿಕೆಯ ವಿದೇಶ ಪುಟದಲ್ಲಿ ದಿನವೂ ಕಾಣುತ್ತವೆ.

ಎಮಾನ್ಯುಯೆಲ್ ಟಾಡ್ ಎಂಬ ಫ್ರೆಂಚ್ ಯುವಕನ ಉದಾಹರಣೆಯಂತೂ ತಮಗೆ ಮೆಚ್ಚುಗೆಯಾಗಲೇಬೇಕು. ಸೋವಿಯತ್ ಒಕ್ಕೂಟದ ಪತನ ಖಚಿತವೆಂದು ಆತ 1976ರಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ ಬರೆದದ್ದು ಮುಖ್ಯವಾಗಿ ಶಿಶುಮರಣದ ಅಂಕಿಗಳನ್ನು ನೋಡಿ. ಎಲ್ಲ ಮುಂದುವರಿದ ದೇಶಗಳಲ್ಲಿ ಇಳಿಯುತ್ತಿದ್ದ ಆ ಸಂಖ್ಯೆ ಅಲ್ಲಿ ಏರತೊಡಗಿತ್ತು, ಆಮೇಲೆ ಸರ್ಕಾರ ಅದನ್ನು ಪ್ರಕಟಿಸುವುದನ್ನೇ ನಿಲ್ಲಿಸಿತು. ಕ್ಷಿಪಣಿಗಳನ್ನು ಎಣಿಸುತ್ತಿದ್ದ ಪಂಡಿತರಿಗೆ ಕಾಣದ್ದು ತೊಟ್ಟಿಲುಗಳನ್ನು ಎಣಿಸಿದವನಿಗೆ ಕಂಡಿತು.

ತಪ್ಪಿದ ಮುನ್ನೋಟದ ಬೆಲೆ ಏನೆಂಬುದನ್ನು ಲೂಯಿಸ್ ಫ್ರೈ ರಿಚರ್ಡ್‌ಸನ್ ಅವರಷ್ಟು ಚೆನ್ನಾಗಿ ತೋರಿಸಿದವರು ಇನ್ನೊಬ್ಬರಿಲ್ಲ. ಯುದ್ಧವನ್ನು ಒಲ್ಲದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಈ ಇಂಗ್ಲಿಷ್ ವಿಜ್ಞಾನಿ ಒಂದನೇ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲೊಪ್ಪದೆ ಫ್ರಾನ್ಸಿನಲ್ಲಿ ಗಾಯಾಳುಗಳ ಆಂಬುಲೆನ್ಸ್ ಓಡಿಸಿದರು. ಬಿಡುವಿನಲ್ಲಿ 1910ರ ಮೇ 20ರ ದಾಖಲೆಗಳನ್ನು ಹರಡಿಕೊಂಡು, ಆ ದಿನದ ಆರು ಗಂಟೆಗಳ ಹವೆಯನ್ನು ಗಣಿತದಿಂದಲೇ ಹೇಳಬಹುದೇ ಎಂದು ಲೆಕ್ಕ ಮಾಡುತ್ತಿದ್ದರು. ಯುದ್ಧದ ಗಡಿಬಿಡಿಯಲ್ಲಿ ಹಸ್ತಪ್ರತಿ ಕಳೆದುಹೋಗಿ, ತಿಂಗಳುಗಳ ನಂತರ ಬೆಲ್ಜಿಯಮ್ಮಿನಲ್ಲಿ ಕಲ್ಲಿದ್ದಲ ರಾಶಿಯ ಕೆಳಗೆ ಸಿಕ್ಕಿತು. ಲೆಕ್ಕದ ಪ್ರಕಾರ ವಾಯುಭಾರ ಆರು ಗಂಟೆಗಳಲ್ಲಿ 145 ಮಿಲಿಬಾರ್ ಏರಬೇಕಿತ್ತು. ನಿಜವಾಗಿ ಅಂದು ಅದು ಇದ್ದಲ್ಲೇ ಇತ್ತು. ಅಂಥ ಘೋರ ತಪ್ಪನ್ನು ಅವರು ಮುಚ್ಚಿಡದೆ, ಲೆಕ್ಕದ ಪ್ರತಿ ಹೆಜ್ಜೆಯೊಂದಿಗೆ 1922ರಲ್ಲಿ ಅಚ್ಚುಹಾಕಿದರು. ಇವತ್ತು ಜುಲೈಯಲ್ಲಿ ದಕ್ಷಿಣ ಕನ್ನಡ, ಉಡುಪಿಗಳಿಗೆ ರೆಡ್ ಅಲರ್ಟ್ ಬರುವುದು ಆ ದಾರಿಯನ್ನೇ ತಿದ್ದಿ ಬೆಳೆಸಿದ ವಿದ್ಯೆಯಿಂದ. ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಸಾರಿದ ದಿನವೇ ಬಿಸಿಲು ಕಾಯುವುದುಂಟು. ಆದರೂ ಹವಾಮಾನ ಇಲಾಖೆಗೆ ಬೀಗ ಹಾಕಿ ಎಂದು ಯಾರೂ ಪತ್ರ ಬರೆಯುವುದಿಲ್ಲ.

ತಾವು ದುಡಿಯುತ್ತಿದ್ದ ಬ್ರಿಟನ್ನಿನ ಹವಾಮಾನ ಕಚೇರಿ ವಾಯುಪಡೆಯ ಸಚಿವಾಲಯದ ಕೈಗೆ ಹೋದಾಗ ರಿಚರ್ಡ್‌ಸನ್ ಕೆಲಸ ಬಿಟ್ಟರು. ಮುಂದೆ ಅದೇ ಗಣಿತವನ್ನು ಯುದ್ಧದ ಕಾರಣಗಳ ಕಡೆಗೆ ತಿರುಗಿಸಿ, 1820ರಿಂದ ಈಚಿನ ಜಗಳಗಳನ್ನೆಲ್ಲ ಸತ್ತವರ ಸಂಖ್ಯೆಯ ಪ್ರಕಾರ ಒಂದೇ ಅಳತೆಗೋಲಿನ ಮೇಲಿಟ್ಟರು. ಒಬ್ಬನ ಕೊಲೆ ಅದರ ಒಂದು ತುದಿ, ಮಹಾಯುದ್ಧಗಳು ಇನ್ನೊಂದು ತುದಿ. ಎರಡರ ನಡುವೆ ದಾರಿಯಿದೆಯೆಂದು ಕಂಡವರು ಅವರು. ಒಂದು ಕೊಲೆಯ ಸುದ್ದಿಗೆ ಇಡೀ ಪೇಟೆಯ ಶಟರುಗಳು ದಡದಡನೆ ಇಳಿಯುವುದನ್ನು ಕಂಡಿರುವ ನಮ್ಮ ಜಿಲ್ಲೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಇಲ್ಲಿಗೆ ಬಂದಾಗ, ಕರಾವಳಿಯ ಸಮಸ್ಯೆ ಬರೆಯಿರಿ ಎಂದ ತಮ್ಮ ಮಾತಿಗೂ ಉತ್ತರ ಸಿಗುತ್ತದೆ. ನಾವು ಬರೆಯುತ್ತಿರುವುದು ಅದನ್ನೇ. ಅಶುತೋಷ್ ವಾರ್ಷ್ನೇಯ ಎಂಬ ವಿದ್ವಾಂಸರು 1950ರಿಂದ 1995ರವರೆಗಿನ ಕೋಮುಗಲಭೆಗಳ ಲೆಕ್ಕ ತೆಗೆದು 2002ರಲ್ಲಿ ಪುಸ್ತಕ ಪ್ರಕಟಿಸಿದರು. ಸತ್ತವರಲ್ಲಿ ಹಳ್ಳಿಗಳವರ ಪಾಲು ಶೇಕಡಾ 4ಕ್ಕೂ ಕಡಿಮೆ, ಹೆಚ್ಚುಕಡಿಮೆ ಅರ್ಧ ಸಾವುಗಳು ಎಂಟೇ ನಗರಗಳಲ್ಲಿ. ಅಲಿಗಢದಲ್ಲೂ ಕೋಝಿಕ್ಕೋಡಿನಲ್ಲೂ ಮುಸ್ಲಿಮರ ಪ್ರಮಾಣ ಸುಮಾರಾಗಿ ಒಂದೇ. ಅಲಿಗಢ ಮತ್ತೆ ಮತ್ತೆ ಹೊತ್ತಿತು, ಕೋಝಿಕ್ಕೋಡು ತಣ್ಣಗಿತ್ತು. ಕೋಝಿಕ್ಕೋಡಿನ ವರ್ತಕರ ಸಂಘದಲ್ಲಿ, ಕಾರ್ಮಿಕ ಸಂಘದಲ್ಲಿ, ವಾಚನಾಲಯ ಮತ್ತು ಕಲಾ ಕ್ಲಬ್ಬುಗಳಲ್ಲಿ ಎಲ್ಲ ಮತದವರೂ ಒಟ್ಟಿಗೆ ಕೂತಿದ್ದರು. ಗಾಳಿಮಾತು ಎದ್ದ ರಾತ್ರಿ ಒಬ್ಬರಿಗೊಬ್ಬರು ಕರೆ ಮಾಡಲು ಅವರಲ್ಲಿ ನಂಬರಿತ್ತು, ಸಲುಗೆಯೂ ಇತ್ತು. ಮಂಗಳೂರು ಸೆಂಟ್ರಲ್‌ನಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಆ ಊರು ಸಿಗುತ್ತದೆ. ನಾವು ಅಲ್ಲಿಂದ ಹಲ್ವ ತಂದೆವು, ಆ ಪಾಠ ತರಲಿಲ್ಲ.

ನಮ್ಮಲ್ಲಿಯೂ ಆ ಬಂಡವಾಳ ಕಡಿಮೆಯೇನಿಲ್ಲ. ಮಂಗಳೂರಿನ ಧಕ್ಕೆಗೆ ನಸುಕಿನಲ್ಲಿ ಹೋಗಿ ನಿಂತು ನೋಡಿ. ಬೋಟಿನಿಂದ ಇಳಿದ ಬಂಗುಡೆಯ ಬುಟ್ಟಿಯ ಸುತ್ತ ಏಲಂ ಕೂಗುವವರು, ಮೊಗವೀರ ಹೆಂಗಸರು, ಬ್ಯಾರಿ ವ್ಯಾಪಾರಿಗಳು ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ. ತುಳು ಮಾತು, ಬೆರಳಿನ ಸನ್ನೆ, ಬಾಯಿಮಾತಿನ ಸಾಲ. ದುಡ್ಡು ಆಮೇಲೆ ಬರುತ್ತದೆಂಬ ಆ ನಂಬಿಕೆಯೇ ಅಲ್ಲಿನ ಶಾಂತಿ. 2022ರಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಅನ್ಯಮತದವರು ಅಂಗಡಿ ಹಾಕಬಾರದೆಂಬ ಬ್ಯಾನರುಗಳು ಎದ್ದಾಗ ಅದನ್ನು ಬರೇ ಒಂದು ವಾರದ ವಿವಾದವೆಂದು ವರದಿ ಮಾಡಿ ನಾವೆಲ್ಲ ಮರೆತೆವು. ಟಾಡ್ ಅವರಿಗೆ ಶಿಶುಮರಣ ಹೇಗೋ, ನಮಗೆ ಜಾತ್ರೆಯ ಬಳೆ ಅಂಗಡಿಯ ಲೆಕ್ಕ ಹಾಗೆ. ಅಲ್ಲಿ ಯಾರು ಕೂರುತ್ತಿದ್ದರು, ಈಗ ಯಾರು ಕೂರುತ್ತಿಲ್ಲ ಎಂಬುದರಲ್ಲಿ ಮುಂದಿನ ವರ್ಷಗಳ ಸುದ್ದಿಯಿದೆ.

ಗಲಾಟೆ ಇಲ್ಲದಿರುವುದೇ ಶಾಂತಿಯಲ್ಲವೆಂದು ಗಾಲ್ಟುಂಗ್ 1969ರಲ್ಲಿ ಬರೆದರು. ಯಾರೂ ಯಾರ ಮೇಲೂ ಕೈಮಾಡದಿದ್ದರೂ ವ್ಯವಸ್ಥೆಯೇ ಕೆಲವರ ಬದುಕನ್ನು ಮೊಟಕುಮಾಡಿದರೆ ಅದೂ ಹಿಂಸೆಯೇ. ಈ ತಿಳಿವಳಿಕೆ ನಮ್ಮ ಕುದ್ಮುಲ್ ರಂಗರಾಯರಿಗೆ ಎಪ್ಪತ್ತು ವರ್ಷ ಮೊದಲೇ ಇತ್ತು. 1897ರಲ್ಲಿ ಅವರು ಮಂಗಳೂರಿನಲ್ಲಿ ದಲಿತೋದ್ಧಾರದ ಸಂಸ್ಥೆ ಕಟ್ಟಿದಾಗ ಊರಿನಲ್ಲಿ ಗಲಾಟೆ ಇತ್ತೆಂದಲ್ಲ, ದಲಿತರ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿತ್ತೆಂದು. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ಸರ್ಕಾರಿ ಹುದ್ದೆಗೇರಿ ಕಾರಿನಲ್ಲಿ ಸಾಗುವಾಗ ಏಳುವ ಧೂಳು ತನ್ನ ತಲೆಯ ಮೇಲೆ ಬೀಳಲಿ ಎಂದು ಅವರು ಬಯಸಿದ್ದರು. ಅದು ಸಮಾಜದ ಬಗ್ಗೆ ಒಂದು ಮುನ್ನೋಟ, ಮತ್ತು ಆ ಮುನ್ನೋಟ ನಿಜವಾಗಲು ಬೇಕಾದ ಶಾಲೆಯನ್ನು ಅವರೇ ಕಟ್ಟಿದ್ದರು. ವೈದ್ಯರ ಮಗನಾದ ಗಾಲ್ಟುಂಗ್ ರೋಗಪತ್ತೆ, ಮುಂದಿನ ಗತಿ, ಚಿಕಿತ್ಸೆ ಮೂರೂ ಒಟ್ಟಿಗಿರಬೇಕು ಎನ್ನುತ್ತಿದ್ದರು.

ಮುನ್ಸೂಚನೆ ಸಿಗದೆ ಕೆಟ್ಟದ್ದಕ್ಕಿಂತ ಕೇಳುವ ಕಿವಿಯಿಲ್ಲದೆ ಕೆಟ್ಟದ್ದೇ ಹೆಚ್ಚು. ರುವಾಂಡಾದಲ್ಲಿ ಸಾಮೂಹಿಕ ಹತ್ಯೆಗೆ ಸಿದ್ಧತೆ ನಡೆದಿದೆಯೆಂದು ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥ ರೋಮಿಯೋ ಡಲ್ಲೇರ್ 1994ರ ಜನವರಿ 11ರಂದು ನ್ಯೂಯಾರ್ಕಿಗೆ ಸಂದೇಶ ಕಳುಹಿಸಿದರು. ಶಸ್ತ್ರಾಸ್ತ್ರ ವಶಪಡಿಸಿಕೊಳ್ಳಲು ಅವರಿಗೆ ಅನುಮತಿ ಸಿಗಲಿಲ್ಲ. ಏಪ್ರಿಲಿನಲ್ಲಿ ಶುರುವಾದ ಕೊಲೆಗಳು ಸುಮಾರು ನೂರು ದಿನಗಳಲ್ಲಿ ಲಕ್ಷಾಂತರ ಜನರನ್ನು ನುಂಗಿದವು.

ನಮ್ಮ ಶಾಂತಿ ಸಭೆಗಳನ್ನು ಕಂಡಾಗ ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ನಿಷೇಧಾಜ್ಞೆ ಬಂದ ಮೇಲೆ ಸಭೆ, ಹಬ್ಬಕ್ಕೆ ಎರಡು ದಿನ ಮೊದಲು ಸಭೆ. ಅದೇ ಮುಖಂಡರು, ಅದೇ ಕುರ್ಚಿಗಳು, ಎಲ್ಲರೂ ಅಣ್ಣತಮ್ಮಂದಿರೆಂಬ ಅದೇ ಹೇಳಿಕೆ, ಚಹಾ, ಗುಂಪು ಫೋಟೋ. ವರ್ಷದ ಉಳಿದ ದಿನಗಳಲ್ಲಿ ಯಾವ ಊರಿನಲ್ಲಿ ಏನು ಬಿಗಿಯುತ್ತಿದೆಯೆಂದು ನೋಡುವವರಿಲ್ಲ. ಮಳೆ ಅಳೆಯಲು ಹೋಬಳಿಗೊಂದು ಮಾಪಕವಿದೆ, ಮನಸ್ಸುಗಳ ನಡುವಿನ ದೂರ ಅಳೆಯಲು ಇಡೀ ಜಿಲ್ಲೆಗೆ ಒಂದೂ ಇಲ್ಲ. ಅಳೆಯಬಲ್ಲ ಮಕ್ಕಳನ್ನಾದರೂ ತಯಾರು ಮಾಡುತ್ತಿದ್ದೇವೆಯೇ? ಶಿಕ್ಷಣದ ತವರೆಂದು ಹೆಮ್ಮೆಪಡುವ ಈ ಎರಡು ಜಿಲ್ಲೆಗಳಲ್ಲಿ ಸಮಾಜಶಾಸ್ತ್ರ, ಇತಿಹಾಸ ಓದಲು ಹೊರಟ ಹುಡುಗಿಗೆ ಮನೆಯವರೇ ಅಡ್ಡ ನಿಲ್ಲುತ್ತಾರೆ. ಮೆಡಿಕಲ್ಲು, ಎಂಜಿನಿಯರಿಂಗು ಸಿಗದವರ ಪಾಲಿನದೆಂದು ಕಲಾ ವಿಭಾಗವನ್ನು ನಾವು ಬದಿಗೆ ಸರಿಸಿದ್ದೇವೆ. ಆಮೇಲೆ ಊರು ಹೊತ್ತಿಕೊಂಡಾಗ, ಇದು ಹೇಗಾಯಿತೆಂದು ಒಬ್ಬರ ಮುಖ ಒಬ್ಬರು ನೋಡುತ್ತೇವೆ.

ತಮ್ಮಂಥ ವಿದ್ಯಾವಂತರು ದೂರದಲ್ಲಿ ನಿಂತು ಅಂಕ ಕೊಡುವುದು ನನಗೆ ಸರಿಯೆನಿಸುವುದಿಲ್ಲ. ಈ ಕೆಲಸಕ್ಕೆ ತಮ್ಮ ವಿದ್ಯೆಯೇ ಬೇಕು. ಉಡುಪಿ ತಾಲೂಕಿನ ಜಾತ್ರೆಗಳ ಅಂಗಡಿ ಸಾಲು, ಯುವಕ ಮಂಡಲ ಮತ್ತು ಕ್ರಿಕೆಟ್ ತಂಡಗಳ ಸದಸ್ಯರು, ರಿಕ್ಷಾ ನಿಲ್ದಾಣಗಳ ಸಂಘ, ಬಾಡಿಗೆಗೆ ಮನೆ ಕೇಳಿದವರಿಗೆ ಸಿಕ್ಕ ಉತ್ತರ, ಇವುಗಳ ಲೆಕ್ಕವನ್ನು ವರ್ಷಕ್ಕೆರಡು ಬಾರಿ ಒಂದೇ ಕ್ರಮದಲ್ಲಿ ತೆಗೆದರೆ ನಮ್ಮ ಪತ್ರಿಕೆ ಎರಡು ಪುಟ ಕೊಡುತ್ತದೆ. ಮುನ್ನೋಟ ತಪ್ಪಿದ ಸಲ ತಪ್ಪಿತೆಂದೇ ಅಚ್ಚುಹಾಕುತ್ತೇವೆ. ಎಷ್ಟು ಊರುಗಳನ್ನು ಆರಿಸಬೇಕು, ಯಾವ ಪ್ರಶ್ನೆಗಳನ್ನು ಕೇಳಬೇಕೆಂಬ ಕರಡನ್ನು ತಾವು ಬರೆದು ಕಳುಹಿಸಿ. ಓಡಾಟಕ್ಕೆ ನಮ್ಮ ವರದಿಗಾರರಿದ್ದಾರೆ.

– ಸಂ.