ಅಡ್ಮಿನ್ ಆದ ಮೇಲೆ ಬೈಸಿಕೊಳ್ಳಲೇಬೇಕಾ?

ಪ್ರಶ್ನೆ: ಮೆಣಸಿನಕಾಯಿ ಬೆಳೆಗಾರರ ವಾಟ್ಸಾಪ್ ಗುಂಪಿಗೆ ನಾನೇ ಅಡ್ಮಿನ್. ಮೊದಲು ರೇಟು, ರೋಗ, ಔಷಧಿ ಅಂತ ಒಳ್ಳೆ ಮಾತು ನಡೆಯುತ್ತಿತ್ತು. ಈಗ ಬರೀ ಗುಡ್ ಮಾರ್ನಿಂಗ್, ರಾಜಕೀಯದ ಜಗಳ. ಅಳಿಸಿದರೆ ‘ನೀವೇನು ದೊಡ್ಡ ಸಾಹೇಬರಾ?’ ಅಂತಾರೆ. ಏನು ಮಾಡಲಿ?
– ಓದುಗರೊಬ್ಬರು, ಬ್ಯಾಡಗಿ

ಉತ್ತರ: ಅಳಿಸ್ರಿ, ಬೈಸಿಕೊಳ್ರಿ. ಆ ಕೆಲಸಕ್ಕೆ ಸಿಗುವ ಪಗಾರ ಅದೇ!

ಜಗಳಗಂಟರು ಗುಂಪು ಬಿಡುವುದಿಲ್ಲ. ಬಿಡುವವರು ತಿಳಿದವರು. ಎಲೆ ಮೇಲಕ್ಕೆ ಮುದುಡಿದರೆ ಥ್ರಿಪ್ಸ್ ಹುಳ, ಕೆಳಕ್ಕೆ ಮುದುಡಿದರೆ ಮೈಟ್ ನುಸಿ ಅಂತ ಫೋಟೋ ನೋಡಿಯೇ ಹೇಳುವ ಹಿರಿಯರು ನಿಮ್ಮಲ್ಲೂ ಇರ್ತಾರೆ, ಅಲ್ವಾ? ಅವರ ಉತ್ತರದ ಮೇಲೆ ನಲವತ್ತು ಹೂವಿನ ಚಿತ್ರ ಬಂದು ಬಿದ್ದರೆ, ಮುಂದಿನ ಸಲ ಅವರು ಸುಮ್ನೆ ಇದ್ದುಬಿಡ್ತಾರೆ. ನೀವು ಕಾಯಬೇಕಾದದ್ದು ಅವರನ್ನು.

ಗುಂಪಿನ ವಿವರಣೆಯಲ್ಲಿ ನಿಯಮ ಬರೆಯಿರಿ, ಎರಡು ಸಾಲು ಸಾಕು. ಸೋಮವಾರ, ಗುರುವಾರ ಪೇಟೆಯ ದಿನ ಬರೀ ರೇಟಿನ ಮಾತು ಅಂತ ಕಟ್ಟುನಿಟ್ಟು ಮಾಡಿ. ಅಳಿಸಿದ ಮೇಲೆ ಆ ಮನುಷ್ಯನಿಗೆ ಬೇರೆಯಾಗಿ ಒಂದು ಫೋನ್ ಮಾಡಿ. ಎಲ್ಲರೆದುರು ಬುದ್ಧಿ ಹೇಳಿದರೆ ಜಗಳ ಇನ್ನೂ ಜಾಸ್ತಿ. ಜಗಳ ಜೋರಾದ ರಾತ್ರಿ ‘ಅಡ್ಮಿನ್ ಮಾತ್ರ’ ಸೆಟ್ಟಿಂಗ್ ಹಾಕಿ, ಬೆಳಿಗ್ಗೆ ತೆಗೆಯಿರಿ. ಹಾಗೇ ಬಿಟ್ಟರೆ ಅದು ನೋಟಿಸ್ ಬೋರ್ಡ್ ಆಗುತ್ತದೆ.

ಕೇಸಿನ ಭಯವೂ ಇದ್ದರೆ: ಸದಸ್ಯರ ಪೋಸ್ಟಿಗೆ ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ.

ಮೊದಲು ಅಳಿಸುವುದು ನಿಮ್ಮ ಬೀಗರ ಪೋಸ್ಟ್ ಆಗಿರಲಿ. ಆಮೇಲೆ ಯಾರೂ ಸಾಹೇಬರಾ ಅಂತ ಕೇಳೋದಿಲ್ಲ. ಬೀಗರು ಕೇಳಬಹುದು, ಅದು ನಿಮ್ಮ ಮನೆಯ ಮಾತು.