ಬ್ರೈನ್ ಟ್ಯೂಮರ್ ಲ್ಯಾಬ್‌ನಲ್ಲಿ ಡಾಕ್ಟರ್ ಅಲ್ಲದವರನ್ನು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರಾ?

ನೀವು ಬರೆದಿದ್ದೀರಿ: ಹಾಸನದಲ್ಲಿ ಎಂಎಸ್ಸಿ ಬಯೋಟೆಕ್ನಾಲಜಿ, ಬೆಂಗಳೂರಿನ ಆಸ್ಪತ್ರೆಯ ಲ್ಯಾಬ್‌ನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಕೆಲಸ, ನ್ಯೂರೋಸರ್ಜನ್‌ಗಳು ಕೀಳಾಗಿ ನೋಡುತ್ತಾರೇನೋ ಅನ್ನೋ ಭಯ. ನಿಮ್ಮ ಪ್ರಶ್ನೆ ಓದಿ ನಗು ಬಂತು. ಇದೇ ಭಯ ಕಟ್ಟಿಕೊಂಡು ನಾನೂ ಹಾಸನದಿಂದ ಬೆಂಗಳೂರಿನ ರೈಲು ಹತ್ತಿದವನು. ಈಗ ವಾಪಸ್ ಬಂದು ಬಿ.ಎಂ. ರಸ್ತೆಯ ಒಂದು ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡಿಕೊಂಡಿದ್ದೇನೆ. ಯಾಕೆ ವಾಪಸ್ ಬಂದೆ ಅಂತ ಹೇಳುತ್ತೇನೆ.

ನನ್ನ ಕೆಲಸ ಅಂದರೆ ಆಪರೇಷನ್ ಥಿಯೇಟರ್ ಬಾಗಿಲಲ್ಲಿ ಐಸ್ ಡಬ್ಬಿ ಹಿಡಿದು ನಿಲ್ಲೋದು. ತಲೆಬುರುಡೆ ತೆರೆದು ಗಡ್ಡೆ ತಲುಪೋಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಆಮೇಲೆ ಸಿಸ್ಟರ್ ಒಂದು ಬಟ್ಟಲು ಕೊಡುತ್ತಾರೆ. ಒಳಗೆ ಹುಣಸೆಬೀಜದಷ್ಟು ತುಣುಕು. ಮೊದಲ ಪಾಲು ಫಾರ್ಮಲಿನ್‌ನಲ್ಲಿ (ತುಣುಕು ಕೆಡದಂತೆ ಇಡೋ ದ್ರವ) ಪೆಥಾಲಜಿಗೆ. ರೋಗಿಯ ರಿಪೋರ್ಟ್ ಬರೋದು ಅದರಿಂದ. ಮಿಕ್ಕಿದ್ದು ಮಾತ್ರ ನಮಗೆ. ಅದನ್ನು ಬೆರಳುದ್ದದ ಟ್ಯೂಬಿಗೆ ಹಾಕಿ ಮೈನಸ್ 196 ಡಿಗ್ರಿಯ ಲಿಕ್ವಿಡ್ ನೈಟ್ರೋಜನ್‌ಗೆ ಇಳಿಸಬೇಕು. ತಡವಾದರೆ ಆರ್‌ಎನ್‌ಎ, ಅಂದರೆ ಜೀನ್‌ಗಳ ಸಂದೇಶ ಒಯ್ಯೋ ಅಣು, ಹಾಳು.

ಜೊತೆಗೆ ಇರುತ್ತಿದ್ದವರು ಅಟೆಂಡರ್. ಅರಸೀಕೆರೆ ಕಡೆಯವರು, ಎಸ್ಸೆಸ್ಸೆಲ್ಸಿ ಓದಿದವರು. ಎಲ್ಲರೂ ಅಣ್ಣ ಅಂತಿದ್ದೆವು. ಅವರ ಹತ್ತಿರ ಒಂದು ಉದ್ದದ ನೋಟ್‌ಬುಕ್. ಯಾವ ಟೇಬಲ್ಲು, ಎಷ್ಟು ಗಂಟೆ, ಯಾವ ಟ್ಯೂಬು ಯಾವ ಖಾನೆಗೆ, ಎಲ್ಲಾ ಪೆನ್ಸಿಲ್‌ನಲ್ಲಿ. 'ಪೆನ್ಸಿಲ್ ಸ್ಪಿರಿಟ್‌ಗೆ ಹೋಗಲ್ಲ ಸಾರ್, ಪೆಥಾಲಜಿಯವರೂ ಸ್ಲೈಡ್ ಮೇಲೆ ಇದರಲ್ಲೇ ಬರೆಯೋದು' ಅಂದಿದ್ದರು. ಎಂಎಸ್ಸಿ ಆದವನಿಗೆ ಪಾಠ ಬೇರೆ, ಅಂದುಕೊಂಡಿದ್ದೆ.

ಒಂದು ದಿನ ಎರಡು ಸರ್ಜರಿ. ಒಬ್ಬ ಮೂವತ್ತರ ಹುಡುಗ. ಇನ್ನೊಬ್ಬರು ಅರಕಲಗೂಡು ಕಡೆಯ ಹೊಗೆಸೊಪ್ಪಿನ ರೈತರು, ಅರವತ್ತು ದಾಟಿದ್ದವರು. ನನಗೆ ಹಾಸನದ ಕನ್ನಡ ಬರುತ್ತೆ ಅಂತ ಅವರ ಹೆಂಡತಿಯ ಒಪ್ಪಿಗೆ ಕೇಳೋಕೆ ನನ್ನನ್ನೇ ಕಳಿಸಿದರು. ತೆಗೆದ ಗಡ್ಡೆಯಲ್ಲಿ ಸ್ವಲ್ಪ ಸಂಶೋಧನೆಗೆ ಇಟ್ಟುಕೊಳ್ಳುತ್ತೇವೆ ಅಂದೆ. 'ಅದರಿಂದ ನಮ್ಮ ಯಜಮಾನ್ರಿಗೆ ಏನಾದ್ರೂ ಅನುಕೂಲ ಆಯ್ತದಾ?' ಅಂತ ಕೇಳಿದರು. 'ಇಲ್ಲ ಅಮ್ಮ, ಮುಂದೆ ಬರೋರಿಗೆ ಆಗಬಹುದು' ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ತಗಳಪ್ಪ' ಅಂದರು.

ಈಗ ತಪ್ಪಿನ ವಿಷಯ. ಲ್ಯಾಬ್ ಮಾರ್ಕರ್ ಖಾಲಿಯಾಗಿತ್ತು. ಅಂಗಡಿಯಿಂದ ತಂದ ಸಾದಾ ಮಾರ್ಕರ್‌ನಲ್ಲಿ ನಂಬರ್ ಬರೆದೆ. ಮಾರನೇ ದಿನ ಟ್ಯೂಬುಗಳನ್ನು ಹೊರಗೆ ತೆಗೆದಾಗ ಮೇಲೆ ಹಿಮ ಕಟ್ಟಿತ್ತು. ಸ್ಪಿರಿಟ್ ಅದ್ದಿದ ಟಿಶ್ಯೂನಿಂದ ಒರೆಸಿದೆ. ಟಿಶ್ಯೂ ನೀಲಿಯಾಯಿತು, ಟ್ಯೂಬಿನ ಮೇಲಿನ ನಂಬರ್ ಅಳಿಸಿಹೋಯಿತು. ನೀವು ಮಾರ್ಕರ್ರೇ ತಪ್ಪು ಅಂದುಕೊಳ್ಳುತ್ತೀರಿ. ಅಲ್ಲ. ಮಾರ್ಕರ್ ಯಾರ ಕೈಯಲ್ಲಾದರೂ ಕೈಕೊಡುತ್ತೆ. ಒರೆಸಿದ್ದೂ ಅಲ್ಲ. ಅಣ್ಣನ ನೋಟ್‌ಬುಕ್ ಹತ್ತು ಹೆಜ್ಜೆ ದೂರದ ಮೇಜಿನ ಮೇಲಿತ್ತು. ಯಾವ ಖಾನೆಯಲ್ಲಿ ಯಾರದು ಅಂತ ಅದರಲ್ಲಿತ್ತು. ಕೇಳೋಕೆ ನಾಚಿಕೆಯಾಯಿತು. ಅಟೆಂಡರ್ ಮುಂದೆ ನನ್ನ ತಪ್ಪು ಒಪ್ಪಿಕೊಳ್ಳೋದಾ ಅಂತ. ಜ್ಞಾಪಕದ ಮೇಲೆ ಬರೆದು ಬೇರೆ ಡಬ್ಬಿಗೆ ಜೋಡಿಸಿಬಿಟ್ಟೆ. ಅಲ್ಲಿಗೆ ಹಳೇ ಖಾನೆಯ ಗುರುತೂ ಹೋಯಿತು.

ಎಂಟು ತಿಂಗಳಾದ ಮೇಲೆ ಜೀನ್ ಪರೀಕ್ಷೆ ಬಂತು. ರೈತರದು ಅಂತ ಬರೆದ ಟ್ಯೂಬಿನಲ್ಲಿ ಐಡಿಎಚ್ ಮ್ಯುಟೇಷನ್ (ಐಡಿಎಚ್ ಅನ್ನೋ ಜೀನ್‌ನಲ್ಲಿ ಆದ ಬದಲಾವಣೆ), ಹುಡುಗನದರಲ್ಲಿ ಇಲ್ಲ. ಪೆಥಾಲಜಿ ರಿಪೋರ್ಟ್ ಸರೀ ಉಲ್ಟಾ. ಆ ಮ್ಯುಟೇಷನ್ ಇರೋ ಗ್ಲಿಯೋಮಾ ಅನ್ನೋ ಮೆದುಳಿನ ಗಡ್ಡೆ ಸಾಮಾನ್ಯವಾಗಿ ಯುವ ವಯಸ್ಸಿನವರಲ್ಲಿ ಕಾಣೋದು. ಅದು ಇದ್ದರೆ 2021ರ ಡಬ್ಲ್ಯುಎಚ್‌ಒ ವಿಂಗಡಣೆಯಲ್ಲಿ ಗ್ಲಿಯೋಬ್ಲಾಸ್ಟೋಮಾ (ಅತಿ ಉಗ್ರವಾದ ಬಗೆಯ ಗಡ್ಡೆ) ಅಂತ ಕರೆಯೋದೇ ಇಲ್ಲ. ಅಷ್ಟು ದೊಡ್ಡ ವ್ಯತ್ಯಾಸ. ಚಿಕಿತ್ಸೆಗೆ ಏನೂ ಆಗಲಿಲ್ಲ, ಪೆಥಾಲಜಿ ಪಾಲು ಬೇರೆಯೇ ಇತ್ತಲ್ಲ. ಆದರೆ ನಾನು ಮುಟ್ಟಿದ ಡಬ್ಬಿ ಪೂರ್ತಿ ಅನುಮಾನಕ್ಕೆ ಬಿತ್ತು. ಎಲ್ಲಾ ಎಸೆದರು. ಆ ಅಮ್ಮ ಕೊಟ್ಟಿದ್ದೂ ಅದರಲ್ಲೇ ಹೋಯಿತು. ಸರ್ಜನ್ ಬೈಯಲೂ ಇಲ್ಲ. ಪ್ರಾಜೆಕ್ಟ್ ಮುಂದುವರಿದಾಗ ನನ್ನ ಹೆಸರು ಇರಲಿಲ್ಲ, ಅಷ್ಟೇ.

ನಮ್ಮಪ್ಪ ಸಕಲೇಶಪುರದ ಕಡೆ ಎಸ್ಟೇಟಿನಲ್ಲಿ ರೈಟರ್. ದಿನಾ ಸಂಜೆ ಕಾಫಿ ಹಣ್ಣು ತೂಗಿ ಯಾರು ಎಷ್ಟು ಕುಯ್ದರು ಅಂತ ಬರೆಯುತ್ತಾರೆ. ಇದನ್ನೆಲ್ಲಾ ಕೇಳಿ, 'ತೂಕದ ಚೀಟಿ ಕಳೆದ್ರೆ ನಾನು ಅಂದಾಜಲ್ಲಿ ಬರೀತೀನೇನೋ? ಕುಯ್ದೋಳನ್ನೇ ಕರೆದು ಕೇಳ್ತೀನಿ' ಅಂದರು. ಕಾಫಿ ಲೋಟ ಕೈಯಲ್ಲೇ ಇತ್ತು, ಕುಡಿಯೋಕಾಗಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುತ್ತಿಲ್ಲ. ಸರ್ಜನ್‌ಗಳಿಗೆ ನಿಮ್ಮನ್ನು ಕೀಳಾಗಿ ನೋಡೋಕೆ ಪುರುಸೊತ್ತೇ ಇರಲ್ಲ. ನೋಡಿದರೆ ನೀವೇ ಯಾರನ್ನಾದರೂ ಹಾಗೆ ನೋಡುತ್ತೀರಿ, ನಾನು ನೋಡಿದ ಹಾಗೆ. ಸಂಬಳ, ಪಿಎಚ್‌ಡಿ ಲೆಕ್ಕಾಚಾರ ಬೇರೆಯವರು ಹೇಳಲಿ. ನಾನಾದರೆ ಸೇರಿ ಅಂತೀನಿ. ಸೇರೋ ಮುಂಚೆ ಒಂದು ದಿನ ಹೋಗಿ ಬನ್ನಿ. ಸರ್ಜನ್ ರೂಮಿನಲ್ಲಿ ಜಾಸ್ತಿ ಹೊತ್ತು ಕೂರಬೇಡಿ. ಲಿಕ್ವಿಡ್ ನೈಟ್ರೋಜನ್ ಯಾರು ತುಂಬುತ್ತಾರೆ ಅಂತ ವಿಚಾರಿಸಿ, ಅವರ ಜೊತೆ ಒಂದು ಟೀ ಕುಡಿಯಿರಿ.